ಬೆಂಗಳೂರಿನಲ್ಲಿ ಬೆಳೆಯದ ಮೌಂಟನ್ ಆ್ಯಶ್, ನಮ್ಮ ಮನೆಯ ಪ್ಯಾಕೆಟ್ಟುಗಳಲ್ಲಿ

ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನ ಎಷ್ಟೋ ಮನೆಗಳ ಫೋನಿಗೆ ಒಂದೇ ಥರದ ಫೋಟೊ ಬರುತ್ತದೆ. ಎಡಿನ್‌ಬರೊದಲ್ಲೋ ಸ್ಟಾಕ್‌ಹೋಮಿನಲ್ಲೋ ಟೊರಾಂಟೊದಲ್ಲೋ ಇರುವ ಮಗಳ ಮನೆ ಮುಂದಿನ ರಸ್ತೆ. ಫುಟ್‌ಪಾತಿನ ಮರದ ತುಂಬ ಕೆಂಪು ಹಣ್ಣಿನ ಗೊಂಚಲು. ಮಗಳನ್ನು ನೋಡಿ ಬರಲು ಹೋದ ಅಪ್ಪ-ಅಮ್ಮ ಕಳಿಸಿದ್ದು. ಫೋಟೊದ ಕೆಳಗೆ ಎರಡು ಪ್ರಶ್ನೆ: ಇದು ಯಾವ ಮರ? ಹಣ್ಣು ತಿನ್ನಬಹುದಾ?

ಬ್ರಿಟನ್ನಿನವರನ್ನು ಕೇಳಿದರೆ ‘ರೋವನ್’ ಅನ್ನುತ್ತಾರೆ. ಕೆನಡಾ, ಅಮೆರಿಕದವರು ‘ಮೌಂಟನ್ ಆ್ಯಶ್’ ಅನ್ನುತ್ತಾರೆ. ಆ ಹೆಸರು ಹಿಡಿದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಆಸ್ಟ್ರೇಲಿಯಾದ ನೂರು ಮೀಟರ್ ಎತ್ತರದ ಇನ್ನೊಂದು ಮರವೂ ಸಿಗುತ್ತದೆ. ಹಾಗಾಗಿ ಮೊದಲು ಯಾವ ಮರ ಅನ್ನುವುದನ್ನು ಬಿಡಿಸಿಕೊಳ್ಳೋಣ. ಹಣ್ಣಿನ ವಿಷಯಕ್ಕೆ ಆಮೇಲೆ ಬರೋಣ. ಈ ಹಣ್ಣಿನ ಕಥೆ ನಮ್ಮ ದಿನಸಿ ಅಂಗಡಿ, ಮೆಡಿಕಲ್ ಶಾಪ್‌ವರೆಗೂ ಬಂದು ಮುಟ್ಟುತ್ತದೆ.

ಒಂದೇ ಹೆಸರಿನ ಹಿಂದೆ ಮೂರು ಕುಟುಂಬ

ಗಿಡಮರಗಳ ನೆಂಟಸ್ತಿಕೆ ತಿಳಿಯಲು ಸಸ್ಯವಿಜ್ಞಾನಿಗಳು ಹೆಸರನ್ನು ನಂಬುವುದಿಲ್ಲ. ಹೂವು, ಹಣ್ಣು ಹೇಗೆ ರಚನೆಯಾಗಿವೆ ಎಂದು ನೋಡುತ್ತಾರೆ. ಈಗ ಅವುಗಳ ಡಿಎನ್‌ಎ ಕೂಡ ನೋಡುತ್ತಾರೆ. ಹಾಗೆ ನೋಡಿದರೆ ‘ಆ್ಯಶ್’ ಅನ್ನಿಸಿಕೊಂಡ ಈ ಮೂರು ಮರಗಳಿಗೆ ಹತ್ತಿರದ ಸಂಬಂಧವೇ ಇಲ್ಲ.

ಮೊದಲನೆಯದು ನಿಜವಾದ ಆ್ಯಶ್, ಅಂದರೆ ಫ್ರ್ಯಾಕ್ಸಿನಸ್ ಜಾತಿಯ ಮರ. ಇದು ನಮ್ಮ ಮಲ್ಲಿಗೆ, ಪಾರಿಜಾತದ ಕುಟುಂಬದ್ದು. ಇದರ ಕಟ್ಟಿಗೆ ಗಟ್ಟಿಯೂ ಹೌದು, ಪೆಟ್ಟು ತಡೆದುಕೊಂಡು ಬಳುಕುತ್ತದೆ ಕೂಡ. ಹಾಗಾಗಿ ಯುರೋಪಿನಲ್ಲಿ ಕೊಡಲಿ, ಸುತ್ತಿಗೆಗಳ ಹಿಡಿಗೆ ಇದನ್ನೇ ಹುಡುಕುತ್ತಿದ್ದರು.

ಎರಡನೆಯದು ಫೋಟೊದಲ್ಲಿರುವ ರೋವನ್. ಎಲೆ ನೋಡಲು ಆ್ಯಶ್ ಮರದ್ದರಂತಿದೆ, ಬೆಟ್ಟದ ಮೇಲೆ ಬೆಳೆಯುತ್ತದೆ. ಮೌಂಟನ್ ಆ್ಯಶ್ ಅನ್ನುವ ಹೆಸರು ಬಂದದ್ದು ಹಾಗೆ. ಆದರೆ ಇದು ಗುಲಾಬಿಯ ಕುಟುಂಬ. ಸೇಬು, ಪೇರ್, ಸ್ಟ್ರಾಬೆರಿ ಎಲ್ಲ ಇದೇ ಕುಟುಂಬದವು.

ಮೂರನೆಯದು ಆಸ್ಟ್ರೇಲಿಯಾದ ಯೂಕಲಿಪ್ಟಸ್ ರೆಗ್ನಾನ್ಸ್. ನೇರಳೆ, ಸೀಬೆ, ಲವಂಗದ ಕುಟುಂಬ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾಲುಸಾಲಾಗಿ ಕಾಣುವ ನೀಲಗಿರಿಯ ಹತ್ತಿರದ ಬಂಧು. ಅದರ ಕಟ್ಟಿಗೆ ಆ್ಯಶ್ ಕಟ್ಟಿಗೆಯಂತೆ ಕಂಡಿದ್ದರಿಂದ ಅಲ್ಲಿ ನೆಲೆಸಿದ ಯುರೋಪಿಯನ್ನರು ತಮ್ಮ ಊರಿನ ಹೆಸರನ್ನೇ ಇಟ್ಟರು. ಹೂ ಬಿಡುವ ಮರಗಳ ಪೈಕಿ ಜಗತ್ತಿನ ಅತಿ ಎತ್ತರದವುಗಳಲ್ಲಿ ಇದೂ ಒಂದು. ಟಾಸ್ಮೇನಿಯಾದಲ್ಲಿರುವ ‘ಸೆಂಚುರಿಯನ್’ ಎಂಬ ಮರವನ್ನು 2008ರಲ್ಲಿ ಅಳೆದಾಗ 99.6 ಮೀಟರ್ ಇತ್ತು.

ಈ ಮರದ ಬಗ್ಗೆ ಬೆಂಗಳೂರಿನವರಿಗೆ ಮುಖ್ಯ ಅನ್ನಿಸುವ ಒಂದು ಸಂಗತಿ ಹೇಳಲೇಬೇಕು. ಮೆಲ್ಬರ್ನ್ ನಗರದ ಕುಡಿಯುವ ನೀರು ಬರುವುದು ಬಹುಪಾಲು ಈ ಮರಗಳ ಕಾಡಿನಿಂದ. 1939ರಲ್ಲಿ ಅಲ್ಲಿ ಭಾರಿ ಕಾಳ್ಗಿಚ್ಚು ಬಿತ್ತು. ಯೂಕಲಿಪ್ಟಸ್ ರೆಗ್ನಾನ್ಸ್ ಬೇರೆ ನೀಲಗಿರಿಗಳ ಹಾಗೆ ಬುಡದಿಂದ ಮತ್ತೆ ಚಿಗುರುವುದಿಲ್ಲ. ಬೆಂಕಿಗೆ ಸತ್ತು, ಕಾಯಿಗಳಿಂದ ಬೀಜ ಉದುರಿಸಿ, ಒತ್ತೊತ್ತಾಗಿ ಹೊಸ ಸಸಿ ಎಬ್ಬಿಸುತ್ತದೆ. ಆ ಎಳೆಯ ಕಾಡು ಹಳೆಯ ಕಾಡಿಗಿಂತ ತುಂಬ ಜಾಸ್ತಿ ನೀರು ಹೀರಿತು. ಹಲವು ದಶಕಗಳ ಕಾಲ ಹೊಳೆಗಳಿಗೆ ಇಳಿಯುವ ನೀರು ತಗ್ಗಿತು. ಮರದ ವಯಸ್ಸಿಗೂ ಅದು ಎಳೆಯುವ ನೀರಿಗೂ ಇರುವ ಸಂಬಂಧ ಜಲವಿಜ್ಞಾನಿಗಳಿಗೆ ಸ್ಪಷ್ಟವಾದದ್ದು ಈ ಕಾಡಿನ ಅಧ್ಯಯನಗಳಿಂದಲೇ. ನಮ್ಮಲ್ಲಿ ಅಂತರ್ಜಲ ಬತ್ತುತ್ತಿದೆ ಎಂಬ ಕಾರಣಕ್ಕೆ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಮ್ಮ ನೀಲಗಿರಿ ಬೇರೆ ಜಾತಿಯದು, ನಮ್ಮ ಮಳೆಯೂ ಬೇರೆ. ಆದರೂ ಎಳೆಯ ಮರಗಳನ್ನು ಒತ್ತಾಗಿ ನೆಟ್ಟು, ಕಡಿದು, ಮತ್ತೆ ಬೆಳೆಸುವ ತೋಪು ನೀರಿಗೆ ಎಷ್ಟು ಭಾರ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಇನ್ನು ಮುಂದೆ ಹೇಳುವುದೆಲ್ಲ ರೋವನ್ ಬಗ್ಗೆ.

ಹತ್ತಿರ ಹೋಗಿ ನೋಡಿದರೆ

ರೋವನ್ನಿನ ಶಾಸ್ತ್ರೀಯ ಹೆಸರು ಸಾರ್ಬಸ್ ಆಕ್ಯುಪೇರಿಯಾ. ದೊಡ್ಡ ಮರವೇನಲ್ಲ. ಸಾಮಾನ್ಯವಾಗಿ 8ರಿಂದ 15 ಮೀಟರ್. ತೊಗಟೆ ನುಣುಪಾಗಿ, ಬೆಳ್ಳಿಯ ಛಾಯೆಯ ಬೂದು ಬಣ್ಣಕ್ಕಿರುತ್ತದೆ. ಒಂದು ಕಡ್ಡಿಯ ಎರಡೂ ಬದಿಗೆ ಜೋಡಿಜೋಡಿಯಾಗಿ ಚಿಕ್ಕ ಎಲೆಗಳು, ತುದಿಯಲ್ಲಿ ಒಂಟಿ ಎಲೆ. ಅಂಚಿನಲ್ಲಿ ಬೇವಿನ ಎಲೆಯ ಹಾಗೆ ಗರಗಸದ ಹಲ್ಲು. ಶರತ್ಕಾಲದಲ್ಲಿ ಈ ಎಲೆ ಹಳದಿ, ಕಿತ್ತಳೆ, ಕೆಂಪಿಗೆ ತಿರುಗಿ ಉದುರುತ್ತದೆ.

ಮೇ, ಜೂನ್ ಹೊತ್ತಿಗೆ ಹೂ ಬಿಡುತ್ತದೆ. ಒಂದು ಸೆಂಟಿಮೀಟರ್ ಅಗಲದ ಬಿಳಿ ಹೂಗಳು ನೂರಾರು ಸೇರಿ ಚಪ್ಪಟೆ ಗೊಂಚಲಾಗಿರುತ್ತವೆ. ದೂರದಿಂದ ನೋಡಲು ಚೆಂದ. ಹತ್ತಿರ ಹೋಗಿ ಮೂಸಿದರೆ ಸ್ವಲ್ಪ ಮೀನಿನ ವಾಸನೆ. ಹೂವಿನಲ್ಲಿರುವ ಟ್ರೈಮಿಥೈಲ್ ಅಮೀನ್ ಎಂಬ ವಸ್ತು ಅದಕ್ಕೆ ಕಾರಣ. ಮನುಷ್ಯರಿಗೆ ಹಿಡಿಸದ ಆ ವಾಸನೆಗೇ ನೊಣ, ದುಂಬಿ, ಜೇನ್ನೊಣಗಳು ಬಂದು ಪರಾಗಸ್ಪರ್ಶ ಮಾಡುತ್ತವೆ.

ಹಣ್ಣು ಬಟಾಣಿ ಕಾಳಿನಷ್ಟು. ಅದನ್ನೊಂದು ಕಿತ್ತು ಅಂಗೈ ಮೇಲಿಟ್ಟು ತಿರುಗಿಸಿ ನೋಡಿ. ತೊಟ್ಟಿನ ಎದುರು ಬದಿಯಲ್ಲಿ ಐದು ಮೂಲೆಯ ಪುಟ್ಟ ನಕ್ಷತ್ರ ಕಾಣುತ್ತದೆ. ಹೂವಿದ್ದಾಗ ಹೊರಗಿದ್ದ ಐದು ಪುಷ್ಪಪತ್ರಗಳು ಒಣಗಿ ಉಳಿದ ಗುರುತು ಅದು. ಸೇಬಿನ ಕೆಳಗೂ ಹೀಗೇ ಒಣಗಿದ ಕಿರೀಟವೊಂದು ಇರುತ್ತದೆ ಅಲ್ವಾ? ಅಡ್ಡ ಕೊಯ್ದರೂ ಅಷ್ಟೆ, ಸೇಬಿನಂತೆಯೇ ನಡುವೆ ಬೀಜದ ಕೋಣೆಗಳು. ಹಾಗಾಗಿ ರೋವನ್ ಹಣ್ಣನ್ನು ಬೆರಿ ಎಂದು ಕರೆದರೂ ಸಸ್ಯವಿಜ್ಞಾನದ ಪ್ರಕಾರ ಅದು ಒಂದು ಸೆಂಟಿಮೀಟರಿಗೂ ಕಡಿಮೆ ಅಗಲದ ಸೇಬೇ.

ಹಕ್ಕಿ ಮತ್ತು ಚಳಿ

ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಸುಮಾರು 1,000 ಮೀಟರ್ ಎತ್ತರದವರೆಗೂ ರೋವನ್ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ಅಷ್ಟು ಮೇಲೆ ಬೇರೆ ಮರ ಕಾಣುವುದು ಅಪರೂಪ. ಅಷ್ಟೆತ್ತರದ ಬಂಡೆ ಸಂದಿಗೆ ಬೀಜ ಒಯ್ದದ್ದು ಹಕ್ಕಿಗಳು. ಥ್ರಶ್, ವ್ಯಾಕ್ಸ್‌ವಿಂಗ್ ಮುಂತಾದ ಹಕ್ಕಿಗಳು ಹಣ್ಣನ್ನು ಇಡಿಯಾಗಿ ನುಂಗುತ್ತವೆ. ತಿರುಳು ಅವಕ್ಕೆ ದಕ್ಕುತ್ತದೆ, ಬೀಜ ಹಿಕ್ಕೆಯ ಜೊತೆ ಎಲ್ಲೋ ಬೀಳುತ್ತದೆ. ಹಿಂದಿನ ಕಾಲದಲ್ಲಿ ಬೇಟೆಗಾರರು ಈ ಹಣ್ಣನ್ನೇ ಬಲೆಗೆ ಕಟ್ಟಿ ಹಕ್ಕಿ ಹಿಡಿಯುತ್ತಿದ್ದರು. ‘ಆಕ್ಯುಪೇರಿಯಾ’ ಎಂಬ ಲ್ಯಾಟಿನ್ ಹೆಸರು ಬಂದದ್ದೇ ಆ ಕೆಲಸದಿಂದ.

ಮರ ಪ್ರತಿ ವರ್ಷ ಒಂದೇ ಥರ ಫಲ ಕೊಡುವುದಿಲ್ಲ. ಒಂದು ವರ್ಷ ಕೊಂಬೆ ಬಾಗುವಷ್ಟು, ಮರುವರ್ಷ ಬಹಳ ಕಡಿಮೆ. ಇದು ಹಕ್ಕಿಗಳ ಪ್ರಯಾಣವನ್ನೇ ಬದಲಿಸುತ್ತದೆ. ಉತ್ತರ ಯುರೋಪಿನಲ್ಲಿ ಹಣ್ಣು ಸಾಲದಾದಾಗ ವ್ಯಾಕ್ಸ್‌ವಿಂಗ್‌ಗಳು ಸಾವಿರಗಟ್ಟಲೆ ಬ್ರಿಟನ್ನಿಗೆ ಬಂದಿಳಿಯುತ್ತವೆ. ಸೇಬು ಬೆಳೆಯುವ ರೈತರಿಗೂ ಇದರ ಬಿಸಿ ತಟ್ಟುತ್ತದೆ. ರೋವನ್ ಹಣ್ಣಿನೊಳಗೆ ಮರಿ ಮಾಡುವ ಸಣ್ಣ ಪತಂಗವೊಂದಿದೆ. ಹಣ್ಣು ತುಂಬ ಬಿಟ್ಟ ವರ್ಷ ಪತಂಗದ ಸಂಖ್ಯೆ ಏರುತ್ತದೆ. ಮರುವರ್ಷ ಹಣ್ಣಿಲ್ಲದಾಗ ಆ ಪತಂಗಗಳೆಲ್ಲ ಸೇಬಿನ ತೋಟಕ್ಕೆ ನುಗ್ಗುತ್ತವೆ. ಅದಕ್ಕೇ ನಾರ್ವೆಯಲ್ಲಿ ಕಾಡಿನ ರೋವನ್ ಮರಗಳ ಫಸಲು ನೋಡಿ ಸೇಬಿನ ರೈತರಿಗೆ ಮುನ್ನೆಚ್ಚರಿಕೆ ಕೊಡುತ್ತಾರೆ.

ಈ ಮರವನ್ನು ಬೆಂಗಳೂರಿನಲ್ಲಿ ಬೆಳೆಸಬಹುದಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ರೋವನ್ ಬೀಜ ಮೊಳೆಯಬೇಕಾದರೆ ಕೆಲವು ತಿಂಗಳು ಒದ್ದೆ ಮಣ್ಣಿನಲ್ಲಿ, ಹೆಪ್ಪುಗಟ್ಟುವ ಹತ್ತಿರದ ಚಳಿಯಲ್ಲಿ ಮಲಗಿರಬೇಕು. ಚಳಿಗಾಲ ಮುಗಿಯುವ ಮೊದಲೇ ಮೊಳೆತು ಸಾಯದಿರಲಿ ಎಂದು ಬೀಜ ಮಾಡಿಕೊಂಡ ಏರ್ಪಾಡು ಇದು. ಬೀಜವನ್ನು ಫ್ರಿಜ್ಜಿನಲ್ಲಿಟ್ಟು ಮೊಳೆಸಿದಿರಿ ಎಂದುಕೊಳ್ಳೋಣ. ಆಮೇಲೂ ಎಲೆ ಉದುರಿಸಿ ಮಲಗಿದ ಮೊಗ್ಗುಗಳು ಸರಿಯಾಗಿ ಏಳಲು ಪ್ರತಿ ವರ್ಷ ದೀರ್ಘ ಚಳಿ ಬೇಕು. ಸೇಬಿನ ವಿಷಯದಲ್ಲಿ ತೋಟಗಾರರು ಲೆಕ್ಕ ಹಾಕುವುದು ಸುಮಾರು 7 ಡಿಗ್ರಿಗಿಂತ ಕೆಳಗಿನ ಗಂಟೆಗಳನ್ನು. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ಕಡಿಮೆ ಚಳಿ ಸಾಕಾಗುವ ‘ಅನ್ನಾ’ದಂಥ ಸೇಬಿನ ತಳಿಗಳನ್ನು ಬಿಸಿ ಊರುಗಳಿಗೆಂದೇ ಮಾಡಿದ್ದಾರೆ. ರೋವನ್ ಮಾತ್ರ ಚಳಿ ದೇಶದ ಮರವಾಗಿಯೇ ಉಳಿದಿದೆ.

ಹಾಗಾದರೆ ತಿನ್ನಬಹುದಾ?

ಹಸಿಯಾಗಿ ಬೇಡ. ಬೇಯಿಸಿದರೆ ತಿನ್ನಬಹುದು. ಆದರೆ ಮರ ರೋವನ್ನೇ ಎಂದು ಅಲ್ಲಿನ ಬಲ್ಲವರು ಹೇಳಿದ ಮೇಲೆ ಮಾತ್ರ. ತಂಪು ದೇಶಗಳ ರಸ್ತೆಬದಿಯಲ್ಲಿ ಕೆಂಪು ಹಣ್ಣಿನ ಗಿಡ ಬೇಕಾದಷ್ಟಿವೆ. ಅವುಗಳಲ್ಲಿ ಯೂ ಮರ ಪ್ರಾಣಕ್ಕೇ ಅಪಾಯ.

ರೋವನ್ನಿನ ಹಸಿ ಹಣ್ಣು ಒಗರು, ಕಹಿ, ಹುಳಿ ಮೂರೂ ಸೇರಿದ ರುಚಿ. ಅದರಲ್ಲಿ ಪ್ಯಾರಾಸಾರ್ಬಿಕ್ ಆಸಿಡ್ ಎಂಬ ವಸ್ತು ಇದೆ. ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ, ಬಹಳ ಹೆಚ್ಚಾದರೆ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಬೇಯಿಸಿದಾಗ ಅದು ಸಾರ್ಬಿಕ್ ಆಸಿಡ್ ಎಂಬ ನಿರಪಾಯದ ವಸ್ತುವಾಗಿ ಬದಲಾಗುತ್ತದೆ. ಹಿಮ ಬಿದ್ದ ಮೇಲೆ ಹಣ್ಣಿನ ಕಹಿಯೂ ತಗ್ಗುತ್ತದೆ. ಅದಕ್ಕೇ ಅಲ್ಲಿನ ಅಜ್ಜಿಯರು ಮೊದಲ ಹಿಮ ಬೀಳುವವರೆಗೆ ಕಾದು ಹಣ್ಣು ಕೀಳುತ್ತಿದ್ದರು. ಈಗಿನವರು ಫ್ರೀಜರಿನಲ್ಲಿಡುತ್ತಾರೆ. ಬ್ರಿಟನ್ನಿನಲ್ಲಿ ಸೇಬಿನ ಜೊತೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಹಾಕಿ ಜೆಲ್ಲಿ ಮಾಡುತ್ತಾರೆ. ಮಾಂಸದ ಅಡುಗೆಯ ಜೊತೆ ನಂಚಿಕೊಳ್ಳಲು ಅದು. ಪೋಲೆಂಡಿನಲ್ಲಿ ಇದರಿಂದ ವೋಡ್ಕಾಗೆ ರುಚಿ ಕಟ್ಟುತ್ತಾರೆ. ಕಹಿ ಕಡಿಮೆ ಇರುವ ತಳಿಗಳೂ ಮಧ್ಯ ಯುರೋಪ್ ಮತ್ತು ರಷ್ಯಾದಲ್ಲಿವೆ.

ಪ್ಯಾಕೆಟ್ಟಿನ ಹಿಂದಿನ 202 ಮತ್ತು 420

ಈಗ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಪ್ಯಾಕೆಟ್ ಕೇಕ್, ಚೀಸ್ ಸ್ಪ್ರೆಡ್ ಅಥವಾ ಹಣ್ಣಿನ ಸ್ಕ್ವ್ಯಾಶ್ ತಗೊಂಡು ಹಿಂದಿನ ಸಣ್ಣ ಅಕ್ಷರ ಓದಿ. ಎಷ್ಟೋ ಉತ್ಪನ್ನಗಳಲ್ಲಿ ‘ಪ್ರಿಸರ್ವೇಟಿವ್ ಐಎನ್‌ಎಸ್ 202’ ಅಥವಾ ‘200’ ಎಂದು ಬರೆದಿರುತ್ತದೆ. ಐಎನ್‌ಎಸ್ ಅಂದರೆ ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಜಗತ್ತಿನಾದ್ಯಂತ ಬಳಸುವ ಗುರುತಿನ ಸಂಖ್ಯೆ. 200 ಅಂದರೆ ಸಾರ್ಬಿಕ್ ಆಸಿಡ್. 202 ಅಂದರೆ ಅದರದೇ ಲವಣವಾದ ಪೊಟ್ಯಾಸಿಯಂ ಸಾರ್ಬೇಟ್. ಸಾರ್ಬಸ್ ಮರದಲ್ಲಿ ಸಿಕ್ಕಿದ್ದಕ್ಕೆ ಸಾರ್ಬಿಕ್.

1859ರಲ್ಲಿ ಜರ್ಮನ್ ರಸಾಯನವಿಜ್ಞಾನಿ ಆಗಸ್ಟ್ ವಿಲ್ಹೆಲ್ಮ್ ಫಾನ್ ಹಾಫ್‌ಮನ್ ರೋವನ್ ಹಣ್ಣಿನ ಎಣ್ಣೆಯಿಂದ ಇದನ್ನು ಬೇರ್ಪಡಿಸಿದರು. ಎಂಟು ದಶಕ ಅದರಿಂದ ಏನು ಉಪಯೋಗ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. 1940ರ ಸುಮಾರಿಗೆ ಅದು ಬೂಷ್ಟು ತಡೆಯುತ್ತದೆ ಎಂದು ತಿಳಿಯಿತು. ಕೊಂಬೆಯಲ್ಲಿ ತಿಂಗಳುಗಟ್ಟಲೆ ನೇತಾಡುವ ಹಣ್ಣಿನಲ್ಲಿ ಇಂಥ ವಸ್ತು ಇರುವುದು ಆಶ್ಚರ್ಯವೇನಲ್ಲ.

ಅದು ಕೆಲಸ ಮಾಡುವ ರೀತಿ ಹೀಗೆ. ಹುಳಿ ಇರುವ ಆಹಾರದಲ್ಲಿ ಸಾರ್ಬಿಕ್ ಆಸಿಡ್ ಒಡೆಯದೆ ಇಡಿಯಾಗಿರುತ್ತದೆ. ಇಡಿಯಾಗಿದ್ದಾಗ ಬೂಷ್ಟಿನ ಜೀವಕೋಶದ ಗೋಡೆ, ಪೊರೆ ದಾಟಿ ಸಲೀಸಾಗಿ ಒಳಗೆ ಹೋಗುತ್ತದೆ. ಒಳಗೆ ಹುಳಿ ಕಡಿಮೆ. ಅಲ್ಲಿ ಹೋದದ್ದೇ ಒಡೆದು ಆಮ್ಲವನ್ನು ಬಿಡುತ್ತದೆ. ಆಗ ಕೋಶದ ಒಳಗಿನ ಕೆಲಸಗಳೆಲ್ಲ ಏರುಪೇರಾಗಿ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಆಹಾರ ಹುಳಿಯಾಗಿದ್ದಷ್ಟೂ ಇದರ ಪರಿಣಾಮ ಜಾಸ್ತಿ. ಬೂಷ್ಟು, ಯೀಸ್ಟ್ ಎರಡನ್ನೂ ಚೆನ್ನಾಗಿ ತಡೆಯುತ್ತದೆ, ಬ್ಯಾಕ್ಟೀರಿಯಾಗಳ ಮೇಲೆ ಅಷ್ಟಿಲ್ಲ.

ಪ್ಯಾಕೆಟ್ ಓದುವವರಿಗೆ ಬರುವ ಇನ್ನೊಂದು ಅನುಮಾನಕ್ಕೂ ಇಲ್ಲೇ ಉತ್ತರವಿದೆ. ಕೇಕಿನಲ್ಲಿ 202 ಇದ್ದರೆ ಬ್ರೆಡ್ಡಿನಲ್ಲಿ ಸಾಮಾನ್ಯವಾಗಿ 282 ಯಾಕೆ? ಬ್ರೆಡ್ ಉಬ್ಬಬೇಕಾದರೆ ಯೀಸ್ಟ್ ಬದುಕಿರಬೇಕು. ಹಿಟ್ಟಿಗೆ ಸಾರ್ಬೇಟ್ ಹಾಕಿದರೆ ಯೀಸ್ಟೇ ಮಂಕಾಗುತ್ತದೆ. ಅದಕ್ಕೇ ಯೀಸ್ಟಿಗೆ ಅಷ್ಟು ತೊಂದರೆ ಕೊಡದ ಕ್ಯಾಲ್ಸಿಯಂ ಪ್ರೊಪಿಯೊನೇಟ್, ಅಂದರೆ 282, ಬಳಸುತ್ತಾರೆ. ಬೇಕಿಂಗ್ ಪೌಡರಿನಿಂದ ಉಬ್ಬುವ ಕೇಕಿಗೆ ಆ ತಾಪತ್ರಯ ಇಲ್ಲ.

‘ಕೆಮಿಕಲ್’ ಎಂದು ಹೆದರಬೇಕಾ? ಸಾರ್ಬಿಕ್ ಆಸಿಡನ್ನು ನಮ್ಮ ದೇಹ ಕೊಬ್ಬಿನಂಶವನ್ನು ಕರಗಿಸುವ ಹಾಗೆಯೇ ಕರಗಿಸಿಬಿಡುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಹಾಕಿದ ಮಿತಿ, ದೇಹದ ಪ್ರತಿ ಕಿಲೊ ತೂಕಕ್ಕೆ ದಿನಕ್ಕೆ 11 ಮಿಲಿಗ್ರಾಂ. ಅರವತ್ತು ಕಿಲೊ ತೂಕದವರಿಗೆ 660 ಮಿಲಿಗ್ರಾಂ ಆಯಿತು. ಮಗುವಿನ ತೂಕ ಕಡಿಮೆ, ಹಾಗಾಗಿ ಮಿತಿಯೂ ಕಡಿಮೆ. ದಿನವಿಡೀ ಪ್ಯಾಕೆಟ್ ತಿಂಡಿ ತಿನ್ನುವ ಮಕ್ಕಳ ವಿಷಯದಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು. ಅಂದಹಾಗೆ, ಈಗ ಇದನ್ನು ಯಾರೂ ಹಣ್ಣಿನಿಂದ ತೆಗೆಯುವುದಿಲ್ಲ, ಪೂರ್ತಿ ಕಾರ್ಖಾನೆಯಲ್ಲೇ ತಯಾರಾಗುತ್ತದೆ.

ಇನ್ನೊಂದು ಸಂಖ್ಯೆ 420. ಅದು ಸಾರ್ಬಿಟಾಲ್. 1872ರಲ್ಲಿ ಫ್ರಾನ್ಸಿನ ಬೂಸಿಂಗೊ ಇದನ್ನು ರೋವನ್ ಹಣ್ಣಿನ ರಸದಲ್ಲಿ ಕಂಡುಹಿಡಿದರು. ಸೇಬು, ಪೇರ್, ರೋವನ್ ಮರಗಳು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಹಣ್ಣಿಗೆ ಸಾಗಿಸುವುದು ಬಹುಪಾಲು ಈ ರೂಪದಲ್ಲೇ. ಸಕ್ಕರೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಹಿ, ಕ್ಯಾಲರಿ ಕಡಿಮೆ. ಬಾಯಿಯ ಬ್ಯಾಕ್ಟೀರಿಯಾಗಳು ಇದನ್ನು ಸುಲಭವಾಗಿ ಹುಳಿ ಮಾಡಲಾರವು, ಹಾಗಾಗಿ ಹಲ್ಲು ಹುಳುಕಾಗುವ ಭಯ ಕಡಿಮೆ. ಟೂತ್‌ಪೇಸ್ಟ್, ಶುಗರ್-ಫ್ರೀ ಚೂಯಿಂಗ್ ಗಮ್, ಕೆಮ್ಮಿನ ಸಿರಪ್, ಎಲ್ಲದರಲ್ಲೂ ಇದು ಸಿಗುತ್ತದೆ. ಕರುಳಿನಲ್ಲಿ ನಿಧಾನವಾಗಿ ಹೀರಲ್ಪಡುವುದರಿಂದ, ಜಾಸ್ತಿಯಾದರೆ ನೀರನ್ನು ತನ್ನತ್ತ ಎಳೆದು ಭೇದಿ ಮಾಡಿಸುತ್ತದೆ. ಸಕ್ಕರೆ ಕಾಯಿಲೆ ಇರುವವರು ‘ಶುಗರ್-ಫ್ರೀ’ ಸಿಹಿತಿಂಡಿ ಧಾರಾಳವಾಗಿ ತಿಂದು ಹೊಟ್ಟೆ ಕೆಡಿಸಿಕೊಂಡರೆ ಇದೂ ಒಂದು ಕಾರಣವಿರಬಹುದು.

ಮೂರನೆಯದು ವಿಟಮಿನ್ ಸಿ ಮಾತ್ರೆ. ಹುಳಿ ಬಂದ ರೋವನ್ ರಸದಲ್ಲಿ 1852ರಲ್ಲಿ ಸಾರ್ಬೋಸ್ ಎಂಬ ಸಕ್ಕರೆ ಸಿಕ್ಕಿತ್ತು. ರಸದಲ್ಲಿದ್ದ ಸಾರ್ಬಿಟಾಲನ್ನು ಬ್ಯಾಕ್ಟೀರಿಯಾಗಳು ಸಾರ್ಬೋಸ್ ಆಗಿ ಬದಲಿಸಿದ್ದವು. ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಕ್‌ಸ್ಟೈನ್ 1930ರ ದಶಕದಲ್ಲಿ ಅದೇ ಹೆಜ್ಜೆಯನ್ನು ಬಳಸಿಕೊಂಡು ಗ್ಲೂಕೋಸಿನಿಂದ ವಿಟಮಿನ್ ಸಿ ತಯಾರಿಸುವ ದಾರಿ ತೋರಿಸಿದರು. ದುಬಾರಿಯಾಗಿದ್ದ ಮಾತ್ರೆ ಎಲ್ಲರ ಕೈಗೆಟಕುವಂತಾದದ್ದು ಆಗಿನಿಂದ.

ಕೆಂಪು ದಾರ ಮತ್ತು ಥಾರನ ಹೊಳೆ

ಹಣ್ಣಿನ ಮೇಲಿನ ಐದು ಮೂಲೆಯ ನಕ್ಷತ್ರ ನೆನಪಿದೆಯಾ? ಹಳೆಯ ಯುರೋಪಿನಲ್ಲಿ ಅದು ಕಾಪಾಡುವ ಗುರುತು. ಕೆಂಪು ಬಣ್ಣವೂ ಕಾಪಾಡುವ ಬಣ್ಣ. ಎರಡೂ ಒಂದೇ ಹಣ್ಣಿನಲ್ಲಿದ್ದ ಮೇಲೆ ಕೇಳಬೇಕೆ? ಸ್ಕಾಟ್ಲೆಂಡಿನಲ್ಲಿ ಎರಡು ರೋವನ್ ಕಡ್ಡಿಗಳನ್ನು ಕೆಂಪು ದಾರದಿಂದ ಶಿಲುಬೆಯಂತೆ ಕಟ್ಟಿ ಬಾಗಿಲ ಮೇಲೂ ಕೊಟ್ಟಿಗೆಯಲ್ಲೂ ಸಿಕ್ಕಿಸುತ್ತಿದ್ದರು. ದನಗಳಿಗೆ ದೃಷ್ಟಿ ತಾಗಬಾರದು, ಮಾಟಗಾತಿ ಹಾಲು ಕದಿಯಬಾರದು ಎಂದು. ಬೆಣ್ಣೆ ಕಡೆಯುವ ಕೋಲೂ ರೋವನ್ನಿನದೇ. ಮನೆ ಮುಂದೆ ಒಂದು ಮರ ನೆಡುವುದು ವಾಡಿಕೆ, ಅದನ್ನು ಕಡಿದರೆ ಕೇಡು. 18, 19ನೇ ಶತಮಾನದಲ್ಲಿ ಜಮೀನ್ದಾರರು ಕುರಿ ಸಾಕಣೆಗಾಗಿ ಅಲ್ಲಿನ ಬೆಟ್ಟನಾಡಾದ ಹೈಲ್ಯಾಂಡ್ಸಿನ ರೈತರನ್ನು ಒಕ್ಕಲೆಬ್ಬಿಸಿದರು. ಅವರ ಮನೆಗಳು ಬಿದ್ದುಹೋಗಿವೆ. ಎಷ್ಟೋ ಕಡೆ ಪಾಳು ಗೋಡೆಯ ಪಕ್ಕ ರೋವನ್ ಈಗಲೂ ನಿಂತಿದೆ.

ಐಸ್‌ಲೆಂಡಿನಲ್ಲಿ 13ನೇ ಶತಮಾನದಲ್ಲಿ ಬರೆದಿಟ್ಟ ಕಥೆಯೊಂದಿದೆ. ಗುಡುಗಿನ ದೇವರು ಥಾರ್ ವಿಮುರ್ ಎಂಬ ಹೊಳೆ ದಾಟುತ್ತಿರುತ್ತಾನೆ. ಮೇಲ್ಗಡೆ ರಕ್ಕಸನ ಮಗಳೊಬ್ಬಳು ಎರಡೂ ದಡಕ್ಕೆ ಕಾಲಿಟ್ಟು ನಿಂತು ಹೊಳೆ ಉಕ್ಕಿಸುತ್ತಾಳೆ. ನೀರು ಭುಜದ ಮಟ್ಟಕ್ಕೆ ಬರುತ್ತದೆ. ಥಾರ್ ದೊಡ್ಡ ಕಲ್ಲೊಂದನ್ನು ಅವಳತ್ತ ಬೀಸಿ, ದಡದ ರೋವನ್ ಮರವನ್ನು ಹಿಡಿದು ಮೇಲೆ ಬರುತ್ತಾನೆ. ಕಥೆ ಕಟ್ಟಿದವರಿಗೆ ಮರ ಗೊತ್ತಿತ್ತು ಅನ್ನಿಸುತ್ತದೆ. ಹೊಳೆಯ ದಡದ ಕಲ್ಲುಸಂದಿಯಲ್ಲಿ ಬೇರೂರಿ ನಿಲ್ಲುವ ಮರವೇ ಇದು.

ನನಗೆ ತುಂಬ ಇಷ್ಟವಾದ ನಂಬಿಕೆ ಸ್ಕ್ಯಾಂಡಿನೇವಿಯಾದ ‘ಹಾರುವ ರೋವನ್’ನದು. ಹಕ್ಕಿ ಹಾಕಿದ ಬೀಜ ಬೇರೆ ಮರದ ಕವಲಿನಲ್ಲೋ ಬಂಡೆ ಮೇಲೋ ಮೊಳೆತರೆ ಅದು ಹಾರುವ ರೋವನ್. ನೆಲ ಮುಟ್ಟದ್ದರಿಂದ ಅದಕ್ಕೆ ಮಾಟ ತಾಗದು, ಶಕ್ತಿ ಜಾಸ್ತಿ ಎಂದು ನಂಬಿದ್ದರು. ನಮ್ಮ ಹಳೆ ಕಟ್ಟಡಗಳ ಬಿರುಕಿನಲ್ಲಿ ಅರಳಿ ಸಸಿ ಹುಟ್ಟುವುದೂ ಹೀಗೇ, ಹಕ್ಕಿಯ ಹಿಕ್ಕೆಯಿಂದ. ಅದನ್ನು ಕೀಳಲು ಇಲ್ಲೂ ಎಷ್ಟೋ ಜನ ಹಿಂದೆಮುಂದೆ ನೋಡುತ್ತಾರೆ.

ಫಿನ್ಲೆಂಡಿನಲ್ಲಿ, ರೋವನ್ ಒಂದೇ ವರ್ಷ ಎರಡು ಹೊರೆ ಹೊರುವುದಿಲ್ಲ ಎಂದು ಹೇಳುವುದುಂಟು. ಹಣ್ಣು ತುಂಬಿದ್ದರೆ ಆ ಚಳಿಗಾಲ ಹಿಮ ಕಡಿಮೆ ಎಂದರ್ಥ. ಇದು ನಿಜವಲ್ಲ. ಈ ವರ್ಷದ ಹೂಮೊಗ್ಗು ರೂಪುಗೊಳ್ಳುವುದು ಹಿಂದಿನ ಬೇಸಿಗೆಯಲ್ಲೇ. ಮರದ ಮೇಲಿನ ಹಣ್ಣು ಕಳೆದ ದಿನಗಳ ಲೆಕ್ಕ ಹೇಳೀತೇ ಹೊರತು ಬರುವ ಹಿಮದ್ದಲ್ಲ.

ಭಾರತದಲ್ಲಿ ನೋಡಬೇಕೆಂದರೆ

ಅದಕ್ಕಾಗಿ ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ. ಸಾರ್ಬಸ್ ಆಕ್ಯುಪೇರಿಯಾದ ಹತ್ತಿರದ ಬಂಧುಗಳು ಕಾಶ್ಮೀರದಿಂದ ಸಿಕ್ಕಿಂವರೆಗೆ ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ಬೆಳೆಯುತ್ತವೆ. ಬೆಂಗಳೂರಿನಿಂದ ಪ್ರತಿ ವರ್ಷ ಟ್ರೆಕ್ಕಿಂಗಿಗೆ ಹೋಗುವವರು ಗೊತ್ತಿಲ್ಲದೆ ಅವುಗಳ ಪಕ್ಕದಲ್ಲೇ ನಡೆದಿರುತ್ತಾರೆ. ಪಶ್ಚಿಮ ಹಿಮಾಲಯದ ಸಾರ್ಬಸ್ ಕಾಶ್ಮೀರಿಯಾನಾ ಎಂಬ ಜಾತಿಗೆ ಗುಲಾಬಿ ಛಾಯೆಯ ಹೂವು, ಹಣ್ಣು ಕೆಂಪಲ್ಲ, ಅಚ್ಚ ಬಿಳಿ. ಎಲೆ ಉದುರಿದ ಮೇಲೂ ಆ ಬಿಳಿ ಗೊಂಚಲು ಕೊಂಬೆಯಲ್ಲೇ ಉಳಿಯುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಹೋದರೆ ಹಣ್ಣೂ ಬಣ್ಣದ ಎಲೆಯೂ ಒಟ್ಟಿಗೆ ಸಿಗುವ ಸಾಧ್ಯತೆ ಹೆಚ್ಚು. ಭೂರ್ಜ ಮರಗಳ ಎತ್ತರಕ್ಕೆ ಏರಿದಾಗ ಜೋಡಿ ಎಲೆ, ಗರಗಸದ ಅಂಚು, ಹಣ್ಣಿನ ತುದಿಯ ನಕ್ಷತ್ರ, ಈ ಮೂರನ್ನೂ ಹುಡುಕಿ. ಮೂರೂ ಇದ್ದರೆ ಅದು ಸಾರ್ಬಸ್ ಇರುವ ಸಾಧ್ಯತೆ ಬಹಳ. ಫೋಟೊ ತೆಗೆಯುವಾಗ ಎಲೆಯ ಪೂರ್ತಿ ಕಡ್ಡಿ ಮತ್ತು ಹಣ್ಣಿನ ಕೆಳಭಾಗ ಎರಡೂ ಕಾಣುವ ಹಾಗೆ ತೆಗೆಯಿರಿ. ಯಾವ ಜಾತಿ ಎಂದು ಗುರುತಿಸುವವರಿಗೆ ಸುಮ್ನೆ ದೂರದಿಂದ ತೆಗೆದ ಮರದ ಚಿತ್ರಕ್ಕಿಂತ ಅದು ಎಷ್ಟೋ ಉಪಯೋಗ.